ಬಾತುಬೇಟೆಗೆ ಯಾವ ಹವೆ? ಗಾಳಿ ತಿರುಗುವ ಗಂಟೆಗಳ ಲೆಕ್ಕ

ಅಮೆರಿಕದ ಆರ್ಕನ್ಸಾ ರಾಜ್ಯದ ಪೂರ್ವಭಾಗದಲ್ಲಿ ಸ್ಟಟ್‌ಗಾರ್ಟ್ ಅಂತೊಂದು ಪುಟ್ಟ ಊರಿದೆ. ಸುತ್ತ ಕಣ್ಣು ಹಾಯುವಷ್ಟೂ ಭತ್ತದ ಗದ್ದೆ, ಅದರಾಚೆ ಚಳಿಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುವ ಓಕ್ ಕಾಡು. ಕೆನಡಾದಿಂದ, ಉತ್ತರದ ಡಕೋಟಾ ರಾಜ್ಯಗಳಿಂದ ಮಿಸಿಸಿಪಿ ಕಣಿವೆಯ ಗುಂಟ ಇಳಿದು ಬರುವ ಮಲ್ಲಾರ್ಡ್ ಬಾತುಗಳು ಚಳಿಗಾಲ ಕಳೆಯುವುದು ಇಲ್ಲೇ. 1936ರಿಂದ ಈ ಊರಲ್ಲಿ ಬಾತಿನ ಕೂಗನ್ನು ಅನುಕರಿಸುವ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ ಅಂದರೆ ಊರಿನ ಹುಚ್ಚು ಎಂಥದ್ದೆಂದು ತಿಳಿಯುತ್ತದೆ. ಈ ಕಡೆಯ ಬೇಟೆಗಾರನನ್ನು ಬಾತಿಗೆ ಯಾವ ಹವೆ ಒಳ್ಳೆಯದು ಅಂತ ಕೇಳಿದರೆ "ಕೆಟ್ಟ ಹವೆ" ಅಂತ ಥಟ್ಟನೆ ಉತ್ತರ ಬರುತ್ತದೆ. ಮಳೆ, ಗಾಳಿ, ಕೊರೆಯುವ ಚಳಿ, ತಲೆ ಮೇಲೆ ಕವುಚಿಕೊಂಡ ಮೋಡ.

ಈ ಉತ್ತರ ಅರ್ಧ ಸರಿ. ಬೋರ್ಗರೆಯುವ ಮಳೆಯಲ್ಲಿ ಬಾತು ಹಾರುವುದಿಲ್ಲ. ಗಂಟೆಗೆ 60 ಕಿಲೋಮೀಟರಿನ ಗಾಳಿಯಲ್ಲಿ ಬಯಲ ನೀರಿಗೆ ಇಳಿಯುವುದಿಲ್ಲ. ನಾಲ್ಕು ದಿನ ನೀರು ಹೆಪ್ಪುಗಟ್ಟಿದ ಮೇಲೆ ಅಲ್ಲಿ ಉಳಿಯುವುದೂ ಇಲ್ಲ. ಬಿಸಿಲು ಬಿದ್ದು ತೆಂಕಣ ಗಾಳಿ ಬೀಸುವ ಹಿತವಾದ ದಿನವೊಂದು ಇಡೀ ಸೀಸನ್ನಿನಲ್ಲೇ ಅತ್ಯುತ್ತಮ ದಿನವಾಗುವುದುಂಟು. ಇವತ್ತಿನ ಹವೆ ಹೇಗಿದೆ ಅನ್ನುವುದಕ್ಕಿಂತ ನಿನ್ನೆಗೂ ಇವತ್ತಿಗೂ ಏನು ಬದಲಾಯಿತು, ಆ ಬದಲಾವಣೆ ಎಷ್ಟು ಗಂಟೆಗೆ ಆಗುತ್ತದೆ, ಕೂರುವ ಜಾಗದ ನೀರು ಎಂಥದ್ದು ಅನ್ನುವ ಮೂರು ಪ್ರಶ್ನೆಗಳೇ ಇಲ್ಲಿ ಮುಖ್ಯ. ಮಿಸಿಸಿಪಿ ವಲಸೆದಾರಿಯ ರಾಜ್ಯಗಳಲ್ಲಿ ಸೀಸನ್ 60 ದಿನ, ದಿನಕ್ಕೆ ಒಬ್ಬರಿಗೆ ಆರು ಬಾತು, ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಶುರುವಾಗಿ ಸೂರ್ಯಾಸ್ತಕ್ಕೆ ಮುಗಿಯಬೇಕು. ಕೆಲಸಕ್ಕೆ ಹೋಗುವವನಿಗೆ ಆ 60ರಲ್ಲಿ ರಜೆ ಸಿಗುವುದು ಏಳೋ ಎಂಟೋ ದಿನ. ಆ ಎಂಟನ್ನು ಆರಿಸುವುದೇ ಅರ್ಧ ಬೇಟೆ.

ಮುಂದೆ ಹೋಗುವ ಮುನ್ನ ಒಂದು ಮಾತು. ಇದೆಲ್ಲ ಅಲ್ಲಿಯ ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಬಾತು ಹೊಡೆಯುವುದು ಅಪರಾಧ, ಜೈಲಿಗೆ ಹೋಗುವಂಥದ್ದು. ಒಂದು ಕಾಲದಲ್ಲಿ ನಮ್ಮ ನೆಲದಲ್ಲೂ ಈ ಷಿಕಾರಿ ಜೋರಾಗಿಯೇ ನಡೆದಿತ್ತು. ಭರತಪುರದಲ್ಲಿ 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಉರುಳಿಸಿದ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ. ಇನ್ನು ಅಮೆರಿಕದಲ್ಲಿರುವ ಕನ್ನಡಿಗರಿಗೆ: ಎಚ್1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಪರವಾನಗಿಯ ಜತೆಗೆ 25 ಡಾಲರಿನ ಫೆಡರಲ್ ಡಕ್ ಸ್ಟಾಂಪ್, ಅಂದರೆ ಬಾತುಬೇಟೆಗೆಂದೇ ಕೊಳ್ಳಬೇಕಾದ ಚೀಟಿ, ಬೇಕು. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ಉಕ್ಕಿನದೋ ಅನುಮತಿ ಇರುವ ಬೇರೆ ಲೋಹದ್ದೋ ಆಗಿರಬೇಕು. ಬಾತುಬೇಟೆಗೆ ಸೀಸದ ಚರೆಯನ್ನು 1991ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ.

ಈಗ ಗಾಳಿಯ ವಿಷಯ. ಉಷ್ಣತೆ, ಮೋಡ, ವಾಯುಭಾರ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ಬಾತು ಗಾಳಿಗೆ ಎದುರಾಗಿಯೇ ಇಳಿಯುತ್ತದೆ, ವಿಮಾನದ ಹಾಗೆ. ಮೈಭಾರಕ್ಕೆ ಹೋಲಿಸಿದರೆ ಅದರ ರೆಕ್ಕೆ ಚಿಕ್ಕದು, ಹದ್ದಿನ ಥರ ತೇಲಿಕೊಂಡು ನಿಧಾನಿಸಲು ಬರುವುದಿಲ್ಲ. ಹಾಗಾಗಿ ಎದುರು ಗಾಳಿಯನ್ನೇ ಬ್ರೇಕ್ ಮಾಡಿಕೊಳ್ಳುತ್ತದೆ. ಹತ್ತಿರದಿಂದ ನೋಡಿದರೆ ಇದು ಸ್ಪಷ್ಟ: ಮೊದಲು ಜಾಗದ ಮೇಲೆ ಒಂದು ಸುತ್ತು, ಆಮೇಲೆ ಗಾಳಿ ಬೀಸುವ ದಿಕ್ಕಿನಲ್ಲೇ ಮುಂದಕ್ಕೆ ಸಾಗಿ ದೂರದಲ್ಲಿ ತಿರುವು, ತಿರುಗಿದ ಮೇಲೆ ರೆಕ್ಕೆ ಬೊಗಸೆಯಂತೆ ಬಾಗಿ ಬಿಗಿಯಾಗುತ್ತದೆ, ಬಡಿತ ನಿಲ್ಲುತ್ತದೆ, ಕೊನೆಯ ಇಪ್ಪತ್ತು ಮೀಟರಿನಲ್ಲಿ ಕಿತ್ತಳೆ ಕಾಲು ಮುಂದಕ್ಕೆ ಚಾಚುತ್ತದೆ. ಗಾಳಿ ಇದ್ದ ದಿನ ಈ ದಾರಿಯನ್ನು ಮೊದಲೇ ಹೇಳಬಹುದು. ಗಾಳಿ ಇಲ್ಲದ ದಿನ ಬಾತು ಯಾವ ಕಡೆಯಿಂದಲಾದರೂ ಬರುತ್ತದೆ. ನಾಲ್ಕೈದು ಸುತ್ತು ಹಾಕುತ್ತದೆ, ಪ್ರತಿ ಸುತ್ತಿನಲ್ಲೂ ಹೊಂಚು ಹಾಕಲು ಕಟ್ಟಿದ ಮರೆಯೊಳಗೆ ಮರಸು ಕೂತವರ ಮುಖವೋ ಕೋವಿಯ ಹೊಳಪೋ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚುತ್ತದೆ.

ಗಂಟೆಗೆ 15ರಿಂದ 25 ಕಿಲೋಮೀಟರ್ ಗಾಳಿ ಹದವಾದದ್ದು. ನೀರಿನ ಮೇಲೆ ಸಣ್ಣ ಅಲೆ ಏಳುತ್ತದೆ, ಡಿಕಾಯ್‌ಗಳು, ಅಂದರೆ ಬಾತುಗಳನ್ನು ಸೆಳೆಯಲು ನೀರಲ್ಲಿ ಬಿಡುವ ಪ್ಲಾಸ್ಟಿಕ್ ಬಾತುಗಳು, ತಾವಾಗಿಯೇ ಕೊರಳಾಡಿಸಿದಂತೆ ತೂಗುತ್ತವೆ. 8 ಕಿಲೋಮೀಟರಿಗಿಂತ ಕಡಿಮೆಯಾದರೆ ನೀರು ಕನ್ನಡಿ, ಡಿಕಾಯ್‌ಗಳು ಗೊಂಬೆಗಳು. ಆಗ ದಾರ ಎಳೆಯುವ ಉಪಾಯವೇ ಗತಿ. ಹದಿನೈದು ಮೀಟರ್ ಕಪ್ಪು ದಾರ, ಅದರ ತುದಿಗೆ ಒಂದು ಮೀಟರ್ ರಬ್ಬರ್ ಹುರಿ. ರಬ್ಬರಿನ ಕೊನೆಯನ್ನು ನೀರಲ್ಲಿ ನೆಟ್ಟ ಗೂಟಕ್ಕೋ ಮರದ ಬುಡಕ್ಕೋ ಕಟ್ಟಿ, ಗೂಟದ ಕಡೆಯ ದಾರಕ್ಕೆ ಮೂರು ನಾಲ್ಕು ಡಿಕಾಯ್ ಸಿಕ್ಕಿಸಿ, ಇನ್ನೊಂದು ತುದಿ ಮರೆಯೊಳಗೆ ಕೈಯಲ್ಲಿ. ಬಾತು ದೂರ ಹೋಗುವಾಗ ಅಥವಾ ಬದಿಯಲ್ಲಿ ತಿರುಗುವಾಗ ಎಳೆಯಬೇಕು. ನೇರ ಮುಖ ಮಾಡಿ ಬರುವಾಗ ಎಳೆದರೆ ಕೈಯ ಅಲುಗಾಟವೇ ಮೊದಲು ಕಾಣುತ್ತದೆ. 40 ಕಿಲೋಮೀಟರ್ ದಾಟಿದ ಗಾಳಿಯಲ್ಲಿ ಬಾತು ಬಯಲ ನೀರು ಬಿಟ್ಟು ದಡದ ಮರೆ, ಹಳ್ಳದ ತಿರುವು, ಕಾಡಿನ ಒಳಗಿನ ಗುಂಡಿ ಹುಡುಕುತ್ತದೆ. ಅಂಥ ದಿನ ದೊಡ್ಡ ಕೆರೆಯ ನಡುವೆ ಡಿಕಾಯ್ ಹರಡಿ ಕೂತವರು ತಲೆ ಮೇಲಿನ ಮೆರವಣಿಗೆ ನೋಡಿಕೊಂಡು ಮನೆಗೆ ಹೋಗುತ್ತಾರೆ.

ಇಲ್ಲೊಂದು ತೊಡಕಿದೆ, ಹೊಸಬರು ಎಡವುವುದು ಇಲ್ಲೇ. ಚಳಿಗಾಳಿ ಬಂದ ಮೇಲೆ ಗಾಳಿ ವಾಯವ್ಯದಿಂದ. ಗಾಳಿಗೆ ಬೆನ್ನು ಕೊಟ್ಟು ಕೂತರೆ ಬಾತು ಮುಖಾಮುಖಿ ಬರುತ್ತದೆ ಎಂಬುದು ಪುಸ್ತಕದ ಪಾಠ. ವಾಯವ್ಯಕ್ಕೆ ಬೆನ್ನು ಅಂದರೆ ಮುಖ ಆಗ್ನೇಯಕ್ಕೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೂ ಪೂರ್ವದಿಂದ ದಕ್ಷಿಣಕ್ಕೆ ಸಾಕಷ್ಟು ಜಾರಿ, ಹೆಚ್ಚುಕಡಿಮೆ ಅದೇ ಮೂಲೆಯಲ್ಲಿ. ಏಳೂವರೆ ಗಂಟೆಗೆ ಕಣ್ಣಿಗೆ ನೇರ ಬಿಸಿಲು, ಬಂದ ಬಾತು ಬರಿಯ ಕಪ್ಪು ಚುಕ್ಕೆ, ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಬಾತಿಗೆ ಮಾತ್ರ ಬೆನ್ನ ಹಿಂದೆ ಬೆಳಕು, ಎದುರಿಗೆ ಮರೆಯೊಳಗಿನ ಬಿಳಿಚಿದ ಮುಖಗಳ ಸಾಲು. ಪಳಗಿದವರು ಇಂಥ ದಿನ ಪಕ್ಕಕ್ಕೆ ಸರಿಯುತ್ತಾರೆ: ನೀರಿನ ಈಶಾನ್ಯ ದಡದಲ್ಲಿ ಕೂತು ನೈಋತ್ಯಕ್ಕೆ ಮುಖ. ಬಾತು ಎಡದಿಂದ ಬಲಕ್ಕೆ ಅಡ್ಡ ಹಾಯುತ್ತದೆ, ಸೂರ್ಯ ಎಡ ಭುಜದ ಹಿಂದೆ ಇರುತ್ತಾನೆ. ಇಳಿಯುವ ಬಾತಿನ ಗಮನವೆಲ್ಲ ಮುಂದಿನ ನೀರಿನ ಮೇಲಿರುವುದರಿಂದ ಪಕ್ಕದ ಮರೆ ಅದಕ್ಕೆ ಗೌಣ. ಅಷ್ಟದಿಕ್ಕಿನ ಈ ಲೆಕ್ಕ ಮನೆಯ ವಾಸ್ತು ಕೇಳಿ ಬೆಳೆದ ನಮಗೆ ಸುಲಭವಾಗಿಯೇ ಹತ್ತಬೇಕು!

ಕೋವಿ ಬದಲು ಕ್ಯಾಮೆರಾ ಹಿಡಿಯುವವರಿಗೂ ಇದೇ ಲೆಕ್ಕ, ಆದರೆ ನಮ್ಮ ಕಡೆ ಅದು ತಾನಾಗಿಯೇ ಕೂಡಿಬರುತ್ತದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ, 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ಪಟ್ಟಿ, ಸೇರಿದ ಕೆರೆಯಿದು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಸಾಮಾನ್ಯವಾಗಿ ಮೂಡಣ ಗಾಳಿ. ಬೆಳಗಿನ ಬಿಸಿಲೂ ಮೂಡಣದ್ದೇ. ಪೂರ್ವ ದಡದಲ್ಲಿ ಕೂತರೆ ಗಾಳಿ, ಬೆಳಕು ಎರಡೂ ಬೆನ್ನಿಗೆ, ಇಳಿಯುವ ಹೆಬ್ಬಾತಿನ ಮುಖ ನೇರ ನಮ್ಮ ಕಡೆಗೆ. ಆರ್ಕನ್ಸಾದವರು ಇದಕ್ಕೆ ಹೊಟ್ಟೆಕಿಚ್ಚು ಪಟ್ಟಾರು.

ಗಾಳಿಯ ದಿಕ್ಕು ಬದಲಿಸುವುದು ಕೋಲ್ಡ್ ಫ್ರಂಟ್, ಉತ್ತರದ ಚಳಿಗಾಳಿಯ ಮುಂಚೂಣಿ. ನಮ್ಮ ಮುಂಗಾರಿನ ಹಾಗೆ ವರ್ಷಕ್ಕೊಮ್ಮೆಯ ಅತಿಥಿಯಲ್ಲ ಇದು, ಚಳಿಗಾಲದಲ್ಲಿ ವಾರಕ್ಕೆ ಒಂದೆರಡು ಸಲವಾದರೂ ಹಾದುಹೋಗುತ್ತದೆ. ಬರುವ ಮುನ್ನಾದಿನ ತೆಂಕಣ ಗಾಳಿ ಜೋರಾಗುತ್ತದೆ, ಡಿಸೆಂಬರಿನಲ್ಲೂ 15 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತದೆ, ವಾಯುಭಾರ ಗಂಟೆಗಂಟೆಗೂ ಇಳಿಯುತ್ತದೆ. ಆಗ ಸ್ಥಳದಲ್ಲೇ ಇರುವ ಬಾತುಗಳು ಗಬಗಬ ಮೇಯುತ್ತವೆ. ಫ್ರಂಟ್ ಹಾಯುವ ಗಂಟೆಯಲ್ಲಿ ಮಳೆ, ಗುಡುಗು, ಬಿರುಸು. ಹಾದ ಮೇಲೆ ಗಾಳಿ ಒಮ್ಮೆಗೇ ವಾಯವ್ಯಕ್ಕೆ ತಿರುಗಿ ಉಷ್ಣತೆ ಕೆಲವೇ ಗಂಟೆಯಲ್ಲಿ ಹತ್ತು ಡಿಗ್ರಿ ಬೀಳುತ್ತದೆ. ಮಾರನೆಯ ದಿನ ವಾಯುಭಾರ ಏರಿ 1030 ಮಿಲಿಬಾರ್ ಮುಟ್ಟುವ ಹೊತ್ತಿಗೆ ಆಕಾಶ ತೊಳೆದಿಟ್ಟ ನೀಲಿ.

ವಲಸೆಯ ಬಾತುಗಳು ಏಳುವುದು ಫ್ರಂಟಿನ ಬೆನ್ನಿಗೆ, ಕತ್ತಲಾಗುತ್ತಿದ್ದಂತೆ. ಮಲ್ಲಾರ್ಡಿನ ಸ್ವಂತ ವೇಗ ಗಂಟೆಗೆ 70 ಕಿಲೋಮೀಟರ್ ಅಂದುಕೊಳ್ಳೋಣ. ಹಿಂದಿನಿಂದ 40 ಕಿಲೋಮೀಟರಿನ ಗಾಳಿ ಸೇರಿದರೆ 110. ಎಂಟು ಗಂಟೆ ಹಾರಿದರೆ 880 ಕಿಲೋಮೀಟರ್. ಅಂದರೆ ಐಯೊವಾದಲ್ಲಿ ಸಂಜೆ ಎದ್ದ ಬಾತು ಬೆಳಗಿನ ಜಾವ ಆರ್ಕನ್ಸಾದ ಗದ್ದೆಯಲ್ಲಿ. 1995ರ ನವೆಂಬರ್ ಮೊದಲ ವಾರದಲ್ಲಿ ಹೀಗೆ ಒಂದೇ ಹೊಡೆತಕ್ಕೆ ಎದ್ದ ಬಾತುಗಳು ಒಮಾಹಾ, ಕಾನ್ಸಾಸ್ ಸಿಟಿ ವಿಮಾನ ನಿಲ್ದಾಣಗಳ ರಾಡಾರ್ ತುಂಬಿ ವಿಮಾನ ಸಂಚಾರಕ್ಕೇ ಅಡ್ಡಿಯಾಗಿದ್ದವು. "ಗ್ರಾಂಡ್ ಪ್ಯಾಸೇಜ್" ಅಂತ ಅದನ್ನು ಇಂದಿಗೂ ನೆನೆಯುತ್ತಾರೆ.

ಹಾಗಾದರೆ ಯಾವ ದಿನ ರಜೆ ಹಾಕಬೇಕು? ಒಂದೇ ದಿನ ಆರಿಸಿಕೊಳ್ಳಬೇಕಾದರೆ, ಫ್ರಂಟ್ ಮಧ್ಯರಾತ್ರಿಯಿಂದ ಬೆಳಗಿನ ಐದರೊಳಗೆ ಹಾದು, ಬೆಳಗ್ಗೆಯೂ ವಾಯವ್ಯ ಗಾಳಿ 15ರಿಂದ 25ರಷ್ಟು ಉಳಿದಿರುವ ದಿನ. ಗಂಟೆ ಮುಖ್ಯ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಜಾಲತಾಣದಲ್ಲಿ ಗಂಟೆವಾರು ನಕ್ಷೆ ಸಿಗುತ್ತದೆ, ಅದರಲ್ಲಿ ಗಾಳಿಯ ದಿಕ್ಕಿನ ಬಾಣ ಯಾವ ಗಂಟೆಗೆ ತಿರುಗುತ್ತದೆ ಅಂತ ನೋಡಿದರೆ ಸಾಕು. ಮಧ್ಯಾಹ್ನ ಎರಡಕ್ಕೆ ತಿರುಗುವುದಾದರೆ ಆ ಬೆಳಗ್ಗೆ ಸುಮಾರು, ಸಂಜೆ ಚೆನ್ನ, ಮರುದಿನ ಬೆಳಗ್ಗೆ ಇನ್ನೂ ಚೆನ್ನ. ಮೂರು ದಿನ ಮೊದಲೇ ಬರುವ ಮುನ್ಸೂಚನೆಯಲ್ಲಿ ದಿನವನ್ನು ನಂಬಬಹುದು, ಗಂಟೆಯನ್ನು ನಂಬಬಾರದು. ಫ್ರಂಟ್ ಆರು ಗಂಟೆ ಹಿಂದೆ ಮುಂದೆ ಆಗುವುದು ಮಾಮೂಲು. ಹಿಂದಿನ ರಾತ್ರಿ ಮತ್ತೆ ನೋಡಬೇಕು. ಇನ್ನು ವಾಯುಭಾರದ ಅಂಕಿಯನ್ನೇ ಮಂತ್ರದ ಹಾಗೆ ಜಪಿಸುವವರಿದ್ದಾರೆ. ಅಂಕಿಯಿಂದ ಬಾತಿಗೆ ಏನೂ ಆಗಬೇಕಿಲ್ಲ, ಅದರ ಜತೆ ಬರುವ ಗಾಳಿ ಮತ್ತು ಮೋಡಕ್ಕೆ ಅದೊಂದು ಗುರುತು ಅಷ್ಟೆ. ಗಾಳಿಯನ್ನು ನೇರವಾಗಿ ನೋಡಲು ಬರುವಾಗ ಗುರುತು ಯಾಕೆ?

ಎಲ್ಲ ಬಾತೂ ಚಳಿಗೆ ಹೆದರಿ ಹೊರಡುವುದಿಲ್ಲ. ನೀಲಿರೆಕ್ಕೆಯ ಟೀಲ್ ಪಂಚಾಂಗ ನೋಡಿಕೊಂಡು ಹೊರಡುವ ಜಾತಿ. ಹಗಲು ಕಿರಿದಾಗತೊಡಗಿದ್ದೇ ತಡ, ಆಗಸ್ಟ್ ಸೆಪ್ಟೆಂಬರಿನಲ್ಲೇ ಗಂಟುಮೂಟೆ ಕಟ್ಟುತ್ತದೆ. ಸೂಜಿಬಾಲದ ಬಾತೂ ಬೇಗ ಹೊರಡುವುದೇ. ಮಲ್ಲಾರ್ಡ್ ಹಾಗಲ್ಲ, ಕಾಲಡಿಯ ನೀರು ಕಲ್ಲಾಗುವವರೆಗೂ ಕದಲದ ಮೊಂಡು. ಅದು ಯಾವಾಗ ಕದಲುತ್ತದೆ ಅನ್ನುವುದಕ್ಕೆ ವಿಜ್ಞಾನಿಗಳು ಒಂದು ಸರಳ ಕೂಡಿಕೆ ಮಾಡಿದ್ದಾರೆ. ದಿನದ ಸರಾಸರಿ ಉಷ್ಣತೆ ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗೆ, ಹಾಗೆ ಸತತವಾಗಿ ಎಷ್ಟು ದಿನ, ನೆಲದ ಮೇಲೆ ಎಷ್ಟು ಇಂಚು ಹಿಮ, ಒಂದಿಂಚಿಗೂ ಮೀರಿದ ಹಿಮ ಸತತವಾಗಿ ಎಷ್ಟು ದಿನ. ಈ ನಾಲ್ಕನ್ನೂ ಕೂಡಬೇಕು. ಮೊತ್ತ ಸುಮಾರು 7 ದಾಟಿದರೆ ಮಲ್ಲಾರ್ಡ್‌ಗಳು ದಕ್ಷಿಣಕ್ಕೆ ಸರಿಯತೊಡಗುತ್ತವೆ. ಉದಾಹರಣೆಗೆ ಮಿಸೌರಿಯಲ್ಲಿ ಸರಾಸರಿ ಮೈನಸ್ 4, ಮೂರು ದಿನದಿಂದ, ಹಿಮ ಇಲ್ಲ ಅಂದರೆ 4 ಮತ್ತು 3 ಸೇರಿ 7, ಇನ್ನೂ ಹೊಸ್ತಿಲ ಮೇಲೆ. ಅದೇ ಚಳಿಗೆ ಎರಡು ದಿನದಿಂದ ಬಿದ್ದಿರುವ ಮೂರಿಂಚು ಹಿಮ ಸೇರಿದರೆ 12. ಗದ್ದೆಯ ಕಾಳು ಹಿಮದಡಿ ಮುಚ್ಚಿಹೋಗಿದೆ, ಈಗ ಹೊರಡಲೇಬೇಕು. ಆದ್ದರಿಂದ ಆರ್ಕನ್ಸಾದ ಬೇಟೆಗಾರ ತನ್ನೂರಿನ ಹವೆ ನೋಡುವ ಮೊದಲು ಮಿಸೌರಿ, ಐಯೊವಾಗಳ ಹಿಮದ ನಕ್ಷೆ ನೋಡುತ್ತಾನೆ. ತನ್ನೂರಿನ ಚಳಿ ತನ್ನ ಬಾತುಗಳನ್ನು ಓಡಿಸೀತು, ಉತ್ತರದ ಚಳಿ ಮಾತ್ರ ಹೊಸ ಬಾತು ತಂದೀತು. ಇತ್ತೀಚಿನ ಬೆಚ್ಚನೆಯ ಚಳಿಗಾಲಗಳಲ್ಲಿ ಮೇಲಿನ ರಾಜ್ಯಗಳ ನೀರು ತಡವಾಗಿ ಹೆಪ್ಪುಗಟ್ಟುವುದರಿಂದ ಬಾತು ಕೆಳಗೆ ಇಳಿಯುವುದೇ ಇಲ್ಲ ಎಂಬ ಗೊಣಗಾಟಕ್ಕೂ ಕಾರಣ ಇದೇ.

ಮೋಡವೋ ಬಿಸಿಲೋ ಅನ್ನುವ ಜಗಳಕ್ಕೆ ಉತ್ತರ ಕೂರುವ ಜಾಗದಲ್ಲಿದೆ. ಬಯಲು ಗದ್ದೆಯಲ್ಲಿ ಮೋಡ ಒಳ್ಳೆಯದು. ಬಿಸಿಲಿದ್ದರೆ ಮರೆಯ ನೆರಳೇ ನೆಲದ ಮೇಲೆ ಕಪ್ಪು ಚೌಕವಾಗಿ ಬಿದ್ದು ಮೇಲಿನಿಂದ ಎದ್ದು ಕಾಣುತ್ತದೆ. ನೀರು ನಿಂತ ಕಾಡಿನಲ್ಲಿ ಇದು ಪೂರಾ ತಿರುಗುಮುರುಗು. ಆರ್ಕನ್ಸಾದ ಬೇಯೂ ಮೀಟೋದಂಥ ಜಾಗಗಳಲ್ಲಿ ಎದೆಯವರೆಗಿನ ರಬ್ಬರ್ ಉಡುಪು ತೊಟ್ಟು ಓಕ್ ಮರದ ಬುಡಕ್ಕೆ ಒರಗಿ ನಿಲ್ಲುತ್ತಾರೆ, ಬೇರೆ ಮರೆ ಇಲ್ಲ. ಬಿಸಿಲಿದ್ದರೆ ಮರದ ನೆರಳಿನ ಬದಿ ಗಾಢ ಕಪ್ಪು. ಮೇಲೆ ಬೆಳಕಿನಲ್ಲಿ ಸುತ್ತುವ ಬಾತಿಗೆ ಆ ಕಪ್ಪಿನೊಳಗೆ ನಿಂತವನು ಕಾಣುವುದಿಲ್ಲ. ಕಾಲಿನಿಂದ ನೀರು ಒದ್ದರೆ ಎದ್ದ ಅಲೆ ಬಿಸಿಲಿಗೆ ಮಿಣಮಿಣ ಹೊಳೆದು ಬಾತು ಮೇಯುತ್ತಿರುವ ಹಾಗೆ ತೋರುತ್ತದೆ. ಮೋಡದ ದಿನ ಕಾಡಿನಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮ, ನೆರಳೇ ಇಲ್ಲ, ಬೂದು ಕಾಂಡದ ಪಕ್ಕ ಮನುಷ್ಯನ ಮುಖ ಬೆಳ್ಳಗೆ. ಮೇಲೆ ಬಂದ ಬಾತು ಕೊಂಬೆಗಳ ಎತ್ತರಕ್ಕೆ ಇಳಿದು ಮತ್ತೆ ಮೇಲೇರಿ ಹೋಗುತ್ತದೆ. "ಕೆಟ್ಟ ಹವೆ ಒಳ್ಳೆಯದು" ಎಂಬ ಮಾತು ಕಾಡಿನಲ್ಲಿ ಕೈಕೊಡುವುದು ಹೀಗೆ. ಅಲ್ಲಿಯವರು ಚಳಿಯ, ಬಿಸಿಲಿನ, ಕೊಂಬೆಯ ತುದಿ ಅಲ್ಲಾಡುವಷ್ಟು ಗಾಳಿಯ ಬೆಳಗನ್ನೇ ಬಯಸುತ್ತಾರೆ.

ಜಿನುಗು ಮಳೆ ಒಳ್ಳೆಯದು, ದಿನವಿಡೀ ಹಾರಾಟ ಇರುತ್ತದೆ. ಜಡಿಮಳೆಯಲ್ಲಿ ಬಾತು ಕದಲದೆ ಕೂತುಬಿಡುತ್ತದೆ. ಮಂಜು ನನ್ನ ಲೆಕ್ಕದಲ್ಲಿ ಬೇಡವೇ ಬೇಡ. ಗಾಳಿ ಇಲ್ಲದೆ, ಉಷ್ಣತೆಗೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ) ಎರಡು ಡಿಗ್ರಿಗಿಂತ ಕಡಿಮೆ ಅಂತರವಿದ್ದರೆ ಬೆಳಗ್ಗೆ ಮಂಜು ಗ್ಯಾರಂಟಿ ಅಂತಲೇ ತಿಳಿಯಬೇಕು. ಕೂಗಿಗೆ ಬಾತು ತಟ್ಟನೆ ಹತ್ತಿರ ಬರುತ್ತದೆ ನಿಜ. ಆದರೆ ಹೆಣ್ಣು ಮಲ್ಲಾರ್ಡ್ ಎರಡಕ್ಕಿಂತ ಹೆಚ್ಚು ಹೊಡೆಯುವಂತಿಲ್ಲದ ಕಡೆ ಗುರುತೇ ಸಿಗದ ಆಕೃತಿಗೆ ಕೋವಿ ಎತ್ತುವುದೆಂತು? ಮಂಜಿನಾಚೆ ಇನ್ನೊಂದು ದೋಣಿ ಇರಬಹುದು ಅನ್ನುವುದು ಬೇರೆ ಮಾತು.

ಇವತ್ತಿನ ಮಳೆಗಿಂತ ನಾಲ್ಕು ದಿನದ ಹಿಂದೆ ಹೊಳೆಯ ಮೇಲ್ಭಾಗದಲ್ಲಿ ಬಿದ್ದ ಮಳೆ ಹೆಚ್ಚು ಕೆಲಸ ಮಾಡುತ್ತದೆ. ವೈಟ್, ಕ್ಯಾಷ್ ನದಿಗಳು ಉಕ್ಕಿ ದಡದ ಕಾಡಿಗೆ ನುಗ್ಗಿದಾಗ ಓಕ್ ಮರದಡಿ ಉದುರಿದ ಕಾಯಿಗಳಿಗೆ ಮೊದಲ ಸಲ ನೀರು ಸಿಗುತ್ತದೆ. ಮಲ್ಲಾರ್ಡ್ ಮುಳುಗು ಹಾಕುವ ಬಾತಲ್ಲ, ತಲೆ ಕೆಳಗೆ ಬಾಲ ಮೇಲೆ ಮಾಡಿ ಕೊರಳು ಎಟುಕುವಷ್ಟನ್ನೇ ತಿನ್ನುತ್ತದೆ. ಅದಕ್ಕೆ ಬೇಕಾದದ್ದು 15ರಿಂದ 45 ಸೆಂಟಿಮೀಟರ್ ನೀರು. ನೀರು ಏರುತ್ತ ಹೋದಂತೆ ಬಾತು ಹೊಸ ಅಂಚನ್ನು ಹಿಂಬಾಲಿಸುತ್ತ ಕಾಡಿನ ಒಳಕ್ಕೆ ಹೋಗುತ್ತದೆ. ನಿನ್ನೆ ಆರು ಬಾತು ಸಿಕ್ಕಿದ ಜಾಗ ಇವತ್ತು ಖಾಲಿ. ಯಾರೋ ಹೆದರಿಸಿದರು ಅಂತ ಪಕ್ಕದ ದೋಣಿಯವರನ್ನು ಬೈದು ಪ್ರಯೋಜನವಿಲ್ಲ, ಅಲ್ಲಿ ನೀರು ಒಂದು ಗೇಣು ಏರಿದೆ ಅಷ್ಟೆ. ಆದ್ದರಿಂದ ಹವೆಯ ಮುನ್ಸೂಚನೆಯ ಪಕ್ಕದಲ್ಲೇ ಹೊಳೆಯ ಮಟ್ಟದ ಅಂಕಿಯನ್ನೂ ದಿನಾ ನೋಡಬೇಕು.

ಹೆಪ್ಪುಗಟ್ಟುವ ದಿನಗಳ ಲೆಕ್ಕ ಇನ್ನೂ ಸ್ವಾರಸ್ಯದ್ದು. ಗಾಳಿ ಸತ್ತ ರಾತ್ರಿ ಮೈನಸ್ 4 ಮೈನಸ್ 5 ಆದರೆ ಗೇಣುದ್ದ ನೀರಿನ ಗದ್ದೆ ಬೆಳಗಾಗುವುದರೊಳಗೆ ಗಟ್ಟಿ. ಮರಗಳು ಬಿಸುಪು ಹಿಡಿದಿಡುವುದರಿಂದ ಕಾಡಿನ ನೀರಿಗೆ ಇನ್ನೊಂದೆರಡು ರಾತ್ರಿ ಬೇಕು. ಹರಿಯುವ ಹೊಳೆ ಕೊನೆಗೆ. ಬಾತುಗಳು ಇದೇ ಕ್ರಮದಲ್ಲಿ ಜಾಗ ಬದಲಿಸುತ್ತವೆ, ನಾವೂ ಅದೇ ಕ್ರಮದಲ್ಲಿ ಹೋಗಬೇಕು. ಮೊದಲ ಗಟ್ಟಿ ಬೆಳಗ್ಗೆ ಗದ್ದೆಯಲ್ಲೇ ಕೂರುವ ಹಟವಿದ್ದರೆ ಮಂಜುಗಡ್ಡೆ ಒಡೆದು ಹತ್ತು ಮೀಟರ್ ಉದ್ದಗಲದ ಹೊಂಡ ಮಾಡಿಕೊಳ್ಳಬೇಕು. ಚೂರುಚೂರು ಒಡೆದರೆ ಕೆಟ್ಟಿತು. ಬಿಳಿ ತುಂಡುಗಳು ತೇಲಿ ಮೇಲಿನಿಂದ ಒಡೆದ ಗಾಜಿನ ರಾಶಿಯಂತೆ ಕಾಣುತ್ತವೆ, ಬಾತು ಹತ್ತಿರ ಸುಳಿಯುವುದಿಲ್ಲ. ಬಾಗಿಲಗಲದ ಹಲಗೆಗಳಾಗಿ ಸೀಳಿ, ಒಂದು ಅಂಚನ್ನು ತುಳಿದು ಬಾಗಿಸಿ, ಪಕ್ಕದ ಗಡ್ಡೆಯ ಅಡಿಗೆ ಜಾರಿಸಿಬಿಡಬೇಕು. ಹೊಂಡ ಕಪ್ಪಗೆ, ಸ್ವಚ್ಛವಾಗಿ ಉಳಿಯುತ್ತದೆ, ಬಾತುಗಳೇ ರಾತ್ರಿಯಿಡೀ ಈಜಿ ತೆರೆದಿಟ್ಟ ಹಾಗೆ. ಡಿಕಾಯ್ ಹನ್ನೆರಡು ಸಾಕು. ಬೆನ್ನ ಮೇಲೆ ಗಡ್ಡೆ ಕಟ್ಟಿದ ಡಿಕಾಯ್ ಗಾಜಿನಂತೆ ಹೊಳೆಯುತ್ತದೆ, ಅರ್ಧ ಗಂಟೆಗೊಮ್ಮೆ ಒರೆಸಬೇಕು.

ಇಂಥ ಚಳಿಯಲ್ಲಿ ಕೆಡುವುದು ಸಣ್ಣಸಣ್ಣ ಸಂಗತಿ. ಕೋವಿಗೆ ಹಚ್ಚಿದ ಎಣ್ಣೆ ಗಟ್ಟಿಯಾಗಿ ಟ್ರಿಗರ್ ಎಳೆದರೂ ಒಳಗಿನ ಸೂಜಿ ಮಂದವಾಗಿ ಬಡಿಯುತ್ತದೆ. ಹಿಂದಿನ ರಾತ್ರಿಯೇ ಎಣ್ಣೆಯನ್ನು ಒಣಬಟ್ಟೆಯಲ್ಲಿ ಒರೆಸಿ ತೆಳು ಪಸೆ ಮಾತ್ರ ಬಿಡಬೇಕು. ಬಾತಿನ ಕೂಗು ಹೊರಡಿಸುವ ಪೀಪಿಯ ನಾಲಿಗೆಗೆ ಎಂಜಲು ಅಂಟಿ ಹೆಪ್ಪುಗಟ್ಟುತ್ತದೆ, ಅದನ್ನು ಅಂಗಿಯೊಳಗೆ ಇಟ್ಟುಕೊಳ್ಳಬೇಕು. ಬಾತು ಕೂಡ ಅಂಥ ಬೆಳಗ್ಗೆ ಸೂರ್ಯ ಹುಟ್ಟಿದ ಕೂಡಲೇ ಏಳುವುದಿಲ್ಲ, ಮೈಶಾಖ ಉಳಿಸಿಕೊಂಡು ಒಂಬತ್ತು ಹತ್ತರವರೆಗೆ ಕೂತೇ ಇರುತ್ತದೆ. ಎಂಟೂವರೆಗೆ ಬೇಸತ್ತು ಡಿಕಾಯ್ ಎತ್ತಿಕೊಂಡು ಹೊರಟವರ ತಲೆ ಮೇಲೆಯೇ ಮೊದಲ ಹಿಂಡು ಹಾಯುವುದು ಪ್ರತಿ ವರ್ಷದ ದೃಶ್ಯ. ಹುಣ್ಣಿಮೆಯ ಆಸುಪಾಸಿನ ನಿಚ್ಚಳ ರಾತ್ರಿಗಳ ಮರುದಿನವೂ ಹೀಗೇ: ಬೆಳದಿಂಗಳಲ್ಲಿ ಮೇದು ಹೊಟ್ಟೆ ತುಂಬಿದ ಬಾತು ತಡವಾಗಿಯೇ ಹೊರಡುತ್ತದೆ.

ಇಷ್ಟೆಲ್ಲ ಚಳಿಯ ಸ್ತುತಿ ಮಾಡಿದ ಮೇಲೆ ಹೇಳಬೇಕಾದದ್ದು, ಅನೇಕರ ಪ್ರಕಾರ ಸೀಸನ್ನಿನ ರಾಜದಿನ ಗಡ್ಡೆ ಕರಗುವ ಮೊದಲ ದಿನ. ಮೂರು ನಾಲ್ಕು ದಿನ ದೊಡ್ಡ ಹೊಳೆಯಲ್ಲಿ ಒತ್ತೊತ್ತಾಗಿ ಅರೆಹೊಟ್ಟೆಯಲ್ಲಿ ಕೂತಿದ್ದ ಬಾತುಗಳು, ತೆಂಕಣ ಗಾಳಿ ಬೀಸಿ ಉಷ್ಣತೆ 6, 7 ಡಿಗ್ರಿಗೆ ಏರುತ್ತಿದ್ದಂತೆ ಗದ್ದೆಯ ಅಂಚಿನಲ್ಲಿ ಕರಗಿದ ತೆಳುನೀರಿಗೆ ಬೆಳಗಿನ ಹತ್ತರಿಂದ ಸುರಿಯತೊಡಗುತ್ತವೆ. ಸ್ವೆಟರ್ ಬಿಚ್ಚುವ ಹವೆ, ಬೇಟೆಯ ಪುಸ್ತಕದ ಮುಖಪುಟಕ್ಕೆ ಒಗ್ಗದ ಹವೆ. ಈ ದಿನ ಆಫೀಸಿನಲ್ಲಿ ಕೂತವರೇ ಹೆಚ್ಚು, ಯಾಕೆಂದರೆ ಅವರ ರಜೆಯೆಲ್ಲ ಹೆಪ್ಪುಗಟ್ಟಿದ ದಿನಗಳಿಗೆ ಖರ್ಚಾಗಿರುತ್ತದೆ.

ಫ್ರಂಟಿನ ಗಂಟೆಯನ್ನು ತಪ್ಪಾಗಿ ಎಣಿಸಿದರೆ ಬೆಲೆ ಎಷ್ಟು ಅನ್ನುವುದಕ್ಕೆ 1940ರ ನವೆಂಬರ್ 11 ಇದೆ. ಸೋಮವಾರ, ಮೊದಲ ಮಹಾಯುದ್ಧ ನಿಂತ ದಿನದ ರಜೆ. ಮಿನೆಸೋಟಾದಲ್ಲಿ ಬೆಳಗ್ಗೆ ನವೆಂಬರಿಗೆ ಅಪರೂಪವಾದ ಬೆಚ್ಚನೆ ಹವೆ. ಮಿಸಿಸಿಪಿ ನದಿಯ ದ್ವೀಪಗಳಿಗೆ, ವಿನೋನಾ ಊರಿನ ಸುತ್ತಮುತ್ತ, ಬೇಟೆಗಾರರು ತೆಳು ಕೋಟು ಹಾಕಿಕೊಂಡು ಸಣ್ಣ ದೋಣಿಗಳಲ್ಲಿ ಹೋದರು. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ಬಾತುಗಳು ಸಾವಿರಗಟ್ಟಲೆ, ತಲೆಗೆ ತಗುಲುವಷ್ಟು ಕೆಳಗೆ, ಒಂದರ ಹಿಂದೆ ಒಂದು ಹಿಂಡಾಗಿ ಬರತೊಡಗಿದವು. ಜೀವಮಾನದಲ್ಲಿ ಕಾಣದ ದೃಶ್ಯ. ಎದ್ದು ಹೊರಡಬೇಕಿದ್ದ ಆ ಗಂಟೆಯಲ್ಲಿ ಯಾರೂ ಏಳಲಿಲ್ಲ. ಆಮೇಲೆ ಮಳೆ ಹಿಮವಾಯಿತು, ನದಿಯ ಅಲೆಗಳಿಗೆ ದೋಣಿ ಇಳಿಸುವುದೇ ಅಸಾಧ್ಯವಾಯಿತು. ಒದ್ದೆ ಬಟ್ಟೆಯಲ್ಲಿ, ದ್ವೀಪಗಳಲ್ಲೇ ರಾತ್ರಿ ಕಳೆಯಬೇಕಾಯಿತು. ರಾತ್ರಿಯಿಡೀ ಕಾಲಾಡಿಸುತ್ತ, ಒಬ್ಬರಿಗೊಬ್ಬರು ಗುದ್ದಿಕೊಳ್ಳುತ್ತ ಎಚ್ಚರವಾಗಿದ್ದವರು ಬದುಕಿದರು. ಮರುದಿನ ವಿನೋನಾದ ಪೈಲಟ್ ಮ್ಯಾಕ್ಸ್ ಕಾನ್ರಾಡ್ ಪುಟ್ಟ ಪೈಪರ್ ಕಬ್ ವಿಮಾನದಲ್ಲಿ ಅದೇ ಬಿರುಗಾಳಿಯೊಳಗೆ ಹಾರಿ, ಸಿಕ್ಕಿಬಿದ್ದವರನ್ನು ಹುಡುಕಿ, ಮೇಲಿನಿಂದ ತಿನಿಸು, ಬೆಂಕಿಪೊಟ್ಟಣ ಎಸೆದ. ಮಿನೆಸೋಟಾ ಒಂದರಲ್ಲೇ 49 ಮಂದಿ ಸತ್ತರು, ಅವರಲ್ಲಿ ಸುಮಾರು ಅರ್ಧ ಬಾತುಬೇಟೆಗಾರರು.

ಈಗ ಮುನ್ಸೂಚನೆ ಜೇಬಿನಲ್ಲೇ ಇದೆ. ಆದರೂ ಪ್ರತಿ ಸೀಸನ್ನಿನಲ್ಲೂ ದೋಣಿ ಮಗುಚುವುದು ನಿಂತಿಲ್ಲ, ಯಾಕೆಂದರೆ ಹೆಚ್ಚಿನವರು ಹೋಗುವ ಹೊತ್ತಿನ ಗಾಳಿ ನೋಡುತ್ತಾರೆ, ಬರುವ ಹೊತ್ತಿನದಲ್ಲ. ಬೆಳಗಿನ ಐದಕ್ಕೆ ತಣ್ಣಗಿದ್ದ ಕೆರೆ ಹನ್ನೊಂದಕ್ಕೆ ಕುದಿಯುತ್ತಿರುತ್ತದೆ. ಹದಿನಾರು ಅಡಿಯ ಚಪ್ಪಟೆ ತಳದ ದೋಣಿಯಲ್ಲಿ ಮೂವರು, ಒಂದು ನಾಯಿ, ನಾಲ್ಕು ಡಜನ್ ಒದ್ದೆ ಡಿಕಾಯ್ ಸೇರಿದರೆ ನೀರಿಗೂ ದೋಣಿಯ ಅಂಚಿಗೂ ಒಂದು ಗೇಣು ಉಳಿದರೆ ಹೆಚ್ಚು. ಮರಳುವ ಗಂಟೆಗೆ ಗಾಳಿಯ ಬಿರುಸು 40 ಕಿಲೋಮೀಟರ್ ದಾಟುವುದಾದರೆ ಬಯಲ ನೀರು ದಾಟುವ ಜಾಗ ಬಿಟ್ಟು ನಡೆದು ಹೋಗಬಹುದಾದ ಜಾಗ ಆರಿಸಬೇಕು. ತಣ್ಣೀರಿಗೆ ಬಿದ್ದವರಿಗೆ 1-10-1 ಅಂತೊಂದು ಲೆಕ್ಕ ಹೇಳುತ್ತಾರೆ: ಏದುಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ, ಚಳಿಗೆ ಪ್ರಜ್ಞೆ ತಪ್ಪಲು ಒಂದು ಗಂಟೆ. ಮೊದಲ ನಿಮಿಷದಲ್ಲೇ ತೇಲಿಸಿಡುವ ಜಾಕೆಟ್ ಮೈಮೇಲೆ ಇದ್ದರೆ ಮಾತ್ರ ಉಳಿದ ಎರಡು ಅಂಕಿಗೆ ಅರ್ಥ. ರಬ್ಬರ್ ಉಡುಪಿನ ಸೊಂಟದ ಪಟ್ಟಿ ಬಿಗಿದಿರಬೇಕು, ಇಲ್ಲವಾದರೆ ಒಳಗೆ ನುಗ್ಗಿದ ನೀರು ಕಾಲು ಎತ್ತಲು ಬಿಡುವುದಿಲ್ಲ. ದಡದಲ್ಲಿ ನಿಲ್ಲಿಸಿದ ಟ್ರಕ್ಕಿನ ಗಾಜಿನೊಳಗೆ ಒಂದು ಚೀಟಿ ಸಿಕ್ಕಿಸಿರಬೇಕು: ಯಾವ ಕಡೆ ಹೋಗಿದ್ದೇವೆ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್.